ಹಿಲ್ಲೆಯ ಮೂರು ಉಸಿರು

ಹಿಲ್ಲೆ ಜೊಂಡು ಕೊಯ್ಯುವವಳು. ಅವಳಪ್ಪನೂ ಅದನ್ನೇ ಮಾಡಿದವನು, ಅವನಪ್ಪನೂ ಅದನ್ನೇ. ಓವರೈಸಲ್ ಪ್ರಾಂತ್ಯದ ನಮ್ಮ ಜೌಗಿನಲ್ಲಿ ಉಳುವಷ್ಟು ಗಟ್ಟಿ ನೆಲ ಯಾರಿಗೂ ಇರಲಿಲ್ಲ. ಚಳಿಗಾಲದಲ್ಲಿ ಜೊಂಡು ಕೊಯ್ದು, ಕಟ್ಟು ಕಟ್ಟಿ, ದೋಣಿಗೆ ಹೇರಿ ತಂದರೆ ಅದು ಎಲ್ಲೋ ಯಾರದೋ ಮನೆಯ ಸೂರಾಗುತ್ತಿತ್ತು. ತೊಡೆಯವರೆಗಿನ ರಬ್ಬರ್ ಬೂಟು, ಕೈಯಲ್ಲಿ ಕುಡುಗೋಲು, ತಲೆಗೆ ಅಪ್ಪನ ಹಳೆಯ ಟೋಪಿ, ಇದು ಅವಳ ಹಗಲಿನ ವೇಷ. ಶುಕ್ರವಾರ ಸಂಜೆ ಅದೇ ಕೈಯನ್ನು ಉಜ್ಜಿ ತೊಳೆದುಕೊಂಡು ಬಂದು ಊರಿನ ವಾದ್ಯಸಂಘದಲ್ಲಿ ಬಸೂನ್ ಊದುತ್ತಿದ್ದಳು. ಎದೆಯೆತ್ತರದ ಮರದ ಕೊಳವೆ ಅದು. ನಮ್ಮ ಸಂಘದ ಊದುವ ಮರದ ವಾದ್ಯಗಳಲ್ಲಿ ಎಲ್ಲಕ್ಕಿಂತ ತಗ್ಗಿನ ದನಿ ಅದರದೇ.

ಅವಳ ಪಕ್ಕದ ಕುರ್ಚಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದವಳು ನಾನು, ಆಲ್ಟ್ಯೆ. ಶಾಲೆ ಬೇಗ ಬಿಟ್ಟವಳು, ಅಕ್ಷರ ಓದುವುದಕ್ಕಿಂತ ಸ್ವರ ಓದುವುದು ನನಗೆ ಸಲೀಸು.

ಒಂದು ಮಾರ್ಚ್ ತಿಂಗಳ ಮುಂಜಾನೆ ಹಿಲ್ಲೆ ಬಂದು ನನ್ನ ಕಿಟಕಿ ಬಡಿದಳು.

“ಕೋಟು ಹಾಕ್ಕೊಂಡು ಬಾರೇ. ಮಾತಾಡಬಾರದು, ಕೆಮ್ಮಲೂಬಾರದು.”

ಕೋಲಿನಿಂದ ನೂಕುತ್ತ ದೋಣಿಯನ್ನು ಜೊಂಡಿನ ಒಳಕ್ಕೆ, ಬಹಳ ಒಳಕ್ಕೆ ಒಯ್ದಳು. ಅಲ್ಲಿ ಕೂತೆವು. ನನ್ನ ಕಾಲು ಮರಗಟ್ಟಿದ ಮೇಲೆ ಜೊಂಡಿನ ಬಕ ಕೂಗಿತು. ಕಂದು ಬಣ್ಣದ ಆ ಹಕ್ಕಿಯನ್ನು ಕಣ್ಣಿಂದ ಕಂಡವರು ನಮ್ಮಲ್ಲಿ ಕಡಿಮೆ, ಕಿವಿಯಿಂದ ಕೇಳದವರು ಇಲ್ಲ. ಖಾಲಿ ಜಾಡಿಯ ಬಾಯಿಗೆ ಯಾರೋ ಊದಿದಂತೆ ಅದರ ದನಿ ನೀರಿನ ಮೇಲೆ ಮೈಲಿಗಟ್ಟಲೆ ಹೋಗುತ್ತದೆ.

“ಕೇಳಿದ್ಯಾ?” ಎಂದಳು ಪಿಸುದನಿಯಲ್ಲಿ.

“ಕೂಗು ತಾನೆ? ಅದು ನಮ್ಮ ಅಡುಗೆಮನೇಗೂ ಕೇಳುತ್ತೆ. ಇದಕ್ಕಾ ನನ್ನನ್ನ ಎಬ್ಬಿಸಿದ್ದು?”

“ಕೂಗಲ್ಲ ಕಣೇ. ಅದಕ್ಕೂ ಮುಂಚೆ. ಸುಮ್ನೆ ಕೇಳು.”

ಮತ್ತೆ ಕಾದೆವು. ಈ ಸಲ ಕೇಳಿಸಿತು. ಕೂಗುವ ಮೊದಲು ಹಕ್ಕಿ ಗಾಳಿಯನ್ನು ಗುಟುಕು ಗುಟುಕಾಗಿ ನುಂಗುತ್ತಿತ್ತು. ಮೂರು ಗುಟುಕು, ಪ್ರತಿಯೊಂದೂ ಮೊದಲಿನದಕ್ಕಿಂತ ದೊಡ್ಡದು, ಆಮೇಲೆ ಕೂಗು. ಬಳಿ ಹೋಗಿ ಕೂತವರಿಗೆ ಮಾತ್ರ ಕೇಳಿಸುವ ಸದ್ದು ಅದು.

“ದೂರದಿಂದ ಕೇಳೋರಿಗೆ ಕೂಗು,” ಎಂದಳು ಹಿಲ್ಲೆ. “ಹತ್ತಿರದೋರಿಗೆ ಅದರ ಕಷ್ಟ. ನಾನು ಬರೀತೀನಿ ಇದನ್ನ.”

ಅವಳು ಬರೆದದ್ದು ಐವರಿಗೆ: ಕೊಳಲು, ಸಣ್ಣ ಪೀಪಿಯ ಓಬೋ, ಕ್ಲಾರಿನೆಟ್, ಹಿತ್ತಾಳೆಯ ಹಾರ್ನ್, ಬಸೂನ್. ಆದರೆ ಹಿಲ್ಲೆ ವಾದ್ಯಕ್ಕೆ ಬರೆಯುತ್ತಿರಲಿಲ್ಲ, ಊದುವ ಮನುಷ್ಯರಿಗೆ ಬರೆಯುತ್ತಿದ್ದಳು. ಓಬೋ ಊದುವ ರೂಲೊಫ್ ಅಂಚೆಯವನು. ಎದುರುಗಾಳಿಯಲ್ಲಿ ಸೈಕಲ್ ತುಳಿದು ತುಳಿದು ಅವನ ಎದೆ ತಿದಿಯಾಗಿತ್ತು, ಹಾಗಾಗಿ ಮಂಜಿನ ಉದ್ದನೆಯ ಸ್ವರಗಳೆಲ್ಲ ಅವನ ಪಾಲಿಗೆ. ಹಾರ್ನ್ ನನ್ನ ಗಂಡ ಹಾರ್ಮ್‌ನದು. ಅವನು ಬೆಳಗಿನಿಂದ ಪೈಪು ಸೇದುವವನು, ಅವನಿಗೆ ದೂರದಲ್ಲಿ ಹಸು ಕೂಗಿದಂತೆ ತುಂಡು ತುಂಡು ಸ್ವರ. ಬೇಕರಿ ಬೆರೆಂಟನ ಮಗಳು ಟ್ರಿನಳ ಕೊಳಲಿಗೆ, ಹೇಳಿದ್ದನ್ನೇ ಹೇಳುವ ಜೊಂಡಿನ ಗುಬ್ಬಿಯ ವಟವಟ.

“ನಾನು ವಟವಟ ಅಂತೀನಾ?” ಎಂದು ಟ್ರಿನ ಮುಖ ಊದಿಸಿದಳು.

“ನೋಡು, ಮತ್ತೆ ಶುರು,” ಎಂದ ಹಾರ್ಮ್.

ನನಗೆ ಬಂದದ್ದು ಮಂಜುಗಡ್ಡೆಯ ಕೆಳಗೆ ನೀರು ಎಳೆಯುವ ಸದ್ದು. ಬಕ ಹಿಲ್ಲೆಯದು. ಅವಳ ಸಾಲಿನಲ್ಲಿ ಪ್ರತಿ ಕೂಗಿಗೂ ಮುಂಚೆ ಗುಟುಕಿಗೊಂದರಂತೆ ಮೂರು ಸೊನ್ನೆ ಬರೆದು, ಕೆಳಗೆ ‘ಜೋರಾಗಿ ಉಸಿರು’ ಎಂದು ಗೀಚಿದ್ದಳು.

ಊದುವವರಿಗೆ ಮೊದಲ ಪಾಠವೇ ಉಸಿರು ಸಭೆಗೆ ಕೇಳಿಸಬಾರದೆಂಬುದು. ಇನ್ನೊಂದು ತೊಡಕೂ ಇತ್ತು. ಐದೇ ಜನ ಕೂತು ನುಡಿಸುವಾಗ ಮುಂದೆ ತಾಳ ತೋರಿಸುವ ಕೋಲು ಹಿಡಿದು ನಿಲ್ಲುವವರು ಇರುವುದಿಲ್ಲ. ಒಬ್ಬರು ಮೂಗಿನಲ್ಲಿ ಸ್ವಲ್ಪ ಎಳೆದ ಉಸಿರೇ ಎಲ್ಲರಿಗೂ ಊದುವ ಸನ್ನೆ. ಅದು ಕಿವಿಗೆ ಬಿತ್ತೆಂದರೆ ತುಟಿ ತಾನಾಗಿ ವಾದ್ಯ ಕಚ್ಚುತ್ತದೆ. ಹಾಗಾಗಿ ಮೊದಲ ಅಭ್ಯಾಸದಲ್ಲಿ ಹಿಲ್ಲೆ ಒಂದು ಗುಟುಕು ಎಳೆದದ್ದೇ ತಡ, ರೂಲೊಫ್ ಪೀಂ ಎಂದು ಊದಿಬಿಟ್ಟ.

“ಏಯ್, ನಾನಿನ್ನೂ ಗಾಳಿ ಕುಡೀತಿದೀನಿ!”

“ನೀನು ಉಸಿರೆಳೆದ್ಯಲ್ಲ?”

“ಎಳೀತೀನಿ. ನಿನಗಲ್ಲ ಅದು.”

“ಮತ್ಯಾರಿಗೆ? ಇಪ್ಪತ್ತು ವರ್ಷದಿಂದ ಉಸಿರು ಕೇಳಿದ್ರೆ ಊದ್ತಾ ಇದೀನಿ. ನನ್ನ ನಾಯಿಗೂ ಇಷ್ಟು ಚೆನ್ನಾಗಿ ಕಲಿಸಿಲ್ಲ.”

ನಕ್ಕೆವು. ಆದರೆ ಅದು ಸುಲಭಕ್ಕೆ ಬಿಡುವ ರೂಢಿಯಲ್ಲ. ಪೇಟೆಯಲ್ಲಿ ನಡೆಯುವ ವಾದ್ಯಸಂಘಗಳ ಸ್ಪರ್ಧೆ ಹತ್ತಿರ ಬರುವ ಹೊತ್ತಿಗೂ ರೂಲೊಫ್ ನಾಲ್ಕು ಸಲಕ್ಕೆ ಒಂದು ಸಲ ತಪ್ಪುತ್ತಿದ್ದ.

ಸಂಘಕ್ಕೆ ನುಡಿಸುವುದನ್ನು ಕಲಿಸುತ್ತಿದ್ದವರು ಶಾಲೆಯ ಹೋಮಾನ್ ಮೇಷ್ಟ್ರು. ಕೆಟ್ಟವರಲ್ಲ. ನಮಗೆಲ್ಲ ಸ್ವರ ಕಲಿಸಿದ್ದೇ ಅವರು, ಹಿಲ್ಲೆಯ ಕೆಲಸವನ್ನು ಮೆಚ್ಚಿಯೂ ಇದ್ದರು.

“ಚೆನ್ನಾಗಿದೆ ಹಿಲ್ಲೆ, ಸುಳ್ಳು ಹೇಳಲ್ಲ. ಆ ಉಸಿರೊಂದು ತೆಗೆದುಬಿಡು. ಅಲ್ಲಿ ಮೌನ ಇಟ್ಟರೆ ಆಯ್ತು.”

“ಮೌನ ಅಲ್ಲ ಮೇಷ್ಟ್ರೇ ಅಲ್ಲಿರೋದು.”

“ತೀರ್ಪುಗಾರರು ತಪ್ಪು ಅಂತ ಹಾಕ್ತಾರೆ. ನನಗೆ ಕಲಿಸೋಕೆ ಬರಲ್ಲ ಅಂತಾರೆ.”

“ಹಕ್ಕಿಗೂ ನೀವೇ ಕಲಿಸಿದ್ದು ಅಂತ ಹೇಳಿಬಿಡಿ.”

ಮೇಷ್ಟ್ರಿಗೆ ನಗು ಬರಲಿಲ್ಲ. ವಾದ್ಯಗಳೆಲ್ಲ ಸಂಘದವು, ಊದುವವರ ಕೈಯಲ್ಲಿ ಎರವಲು. ಮಾತು ಕೇಳದವರಿಂದ ವಾದ್ಯ ವಾಪಸು ಪಡೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅಧ್ಯಕ್ಷ ಬೇಕರಿ ಬೆರೆಂಟನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಮೇಷ್ಟ್ರು ಎಲ್ಲರೆದುರೇ ಹೇಳಿದರು: “ಉಸಿರು ಇಟ್ಟುಕೊಂಡು ಗೆದ್ದು ಬಂದರೆ ಸರಿ. ಸೋತರೆ ಬಸೂನ್ ಸಂಘದ ಬೀರುವಿಗೆ ವಾಪಸು ಬರುತ್ತೆ.”

ಬೇರೆ ಬಸೂನ್ ನಮ್ಮ ಸುತ್ತಮುತ್ತ ಎಲ್ಲೂ ಇರಲಿಲ್ಲ. ಆ ದಿನ ದಾರಿಯಲ್ಲಿ ನಾನು, “ಒಂದು ಸಲಕ್ಕೆ ತೆಗೆದುಬಿಡೇ. ಆಮೇಲೆ ನಮ್ಮ ಮನೇಲಿ ಬೇಕಾದಷ್ಟು ಉಸಿರಾಡುವಿಯಂತೆ” ಎಂದೆ.

“ಜೊಂಡನ್ನ ಬುಡದಲ್ಲಿ ಕೊಯ್ಯದೆ ನಡುವಲ್ಲಿ ಕೊಯ್ದರೆ ಏನಾಗುತ್ತೆ ಆಲ್ಟ್ಯೆ?”

“ಸೂರಿಗೆ ಬರಲ್ಲ.”

“ಮತ್ತೆ?” ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಸ್ಪರ್ಧೆಯ ದಿನ ಪೇಟೆಯ ಸಭಾಂಗಣ ತುಂಬಿತ್ತು. ತೀರ್ಪುಗಾರರು ಮೂವರು, ಹಿಂದಿನ ಸಾಲಿನ ಮೇಜಿನ ಹಿಂದೆ. ಅಲ್ಲಿಯ ನಿಯಮ ಒಂದೇ: ಶುರು ಮಾಡಿದ್ದನ್ನು ಮುಗಿಸಬೇಕು, ನಡುವೆ ನಿಲ್ಲಿಸಿ ಮತ್ತೆ ಮೊದಲಿನಿಂದ ನುಡಿಸಿದವರು ಸ್ಪರ್ಧೆಯಿಂದ ಹೊರಗೆ. ನಾವು ಕಪ್ಪು ಬಟ್ಟೆ ಹಾಕಿಕೊಂಡಿದ್ದೆವು. ಹಿಲ್ಲೆಯ ಉಗುರಿನ ಸಂದಿಯ ಕೆಸರು ಮಾತ್ರ ಏನು ಮಾಡಿದರೂ ಹೋಗಿರಲಿಲ್ಲ.

ಮಂಜಿನ ಭಾಗ ಚೆನ್ನಾಗಿ ಹೋಯಿತು. ಬಕದ ಜಾಗ ಬಂತು. ಹಿಲ್ಲೆ ಮೊದಲ ಗುಟುಕು ಎಳೆದಳು, ಎರಡನೆಯದು ಎಳೆದಳು. ರೂಲೊಫ್ ಬೆವರುತ್ತಿದ್ದ. ಮೂರನೆಯದಕ್ಕೆ ಅವನ ಓಬೋ ಬಾಯಿಬಿಟ್ಟಿತು. ಅವನ ಹಿಂದೆ ಟ್ರಿನ, ಅವಳ ಹಿಂದೆ ನಾನು, ಕುರಿಯ ಹಿಂದೆ ಕುರಿ. ಹಿಲ್ಲೆಯ ಕೂಗು ನಮ್ಮ ಗದ್ದಲದಲ್ಲಿ ಮುಚ್ಚಿಹೋಯಿತು. ಹಾಗೇ ಮುಂದುವರಿಸಿದ್ದರೆ ಸ್ವಲ್ಪ ಅಂಕವಾದರೂ ಬರುತ್ತಿತ್ತು, ಕೇಳುವವರಿಗೆ ಅರ್ಧ ತಪ್ಪು ತಿಳಿಯುತ್ತಲೂ ಇರಲಿಲ್ಲ. ಮೇಷ್ಟ್ರು ಮುಂದಿನ ಸಾಲಿನಿಂದ ಕೈಸನ್ನೆ ಮಾಡಿದರು: ಹೋಗಿ, ಹೋಗಿ, ಮುಂದೆ ಹೋಗಿ.

ಹಿಲ್ಲೆ ಬಸೂನ್ ಬಾಯಿಂದ ತೆಗೆದಳು.

“ನಿಲ್ಸಿ,” ಎಂದಳು. ಸಭಾಂಗಣಕ್ಕೆಲ್ಲ ಕೇಳುವಂತೆ. “ಮೊದಲಿಂದ.”

“ಹಿಲ್ಲೆ, ಹೊರಗೆ ಹಾಕ್ತಾರೆ,” ಎಂದ ರೂಲೊಫ್.

“ಹಾಕ್ಲಿ. ಕೇಳಿಸ್ಕೊಂಡು ಹಾಕ್ಲಿ.”

ಮೊದಲಿನಿಂದ ನುಡಿಸಿದೆವು. ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ, ರೂಲೊಫ್ ಒಂದು ಸಲವೂ ತಪ್ಪಲಿಲ್ಲ. ಹಿಲ್ಲೆಯ ಗುಟುಕುಗಳು ಕೊನೆಯ ಬೆಂಚಿನವರೆಗೂ ಹೋದವು. ಒಬ್ಬಳು ಹೆಂಗಸು ನಕ್ಕಳು, ಆಮೇಲೆ ಕತ್ತು ಚಾಚಿ ಕೇಳತೊಡಗಿದಳು. ಮುಗಿದಾಗ ಮೇಜಿನ ಹಿಂದಿನವರಲ್ಲಿ ಒಬ್ಬರು ಎದ್ದು ಓದಿದರು: ಅಂಕವಿಲ್ಲ, ನಿಯಮ ಮುರಿದಿದ್ದಾರೆ. ಅಲ್ಲದೆ ಬಸೂನಿನವರ ಉಸಿರಾಟ ಒರಟು, ಕೇಳಿಸುತ್ತದೆ, ತಿದ್ದಿಕೊಳ್ಳಬೇಕು.

“ಕೇಳಿಸ್ತಲ್ಲ,” ಎಂದಳು ಹಿಲ್ಲೆ ನಮ್ಮ ಕಡೆ ತಿರುಗಿ. “ಕೇಳಿಸ್ತಂತೆ.”

ಮುಂದಿನ ಶುಕ್ರವಾರ ಸಂಘದ ಹಿರಿಯರು ಕೂತರು. ಬೆರೆಂಟ್ ಕಾಫಿ ಬಗ್ಗಿಸಿದ, ಯಾರೂ ಕುಡಿಯಲಿಲ್ಲ. ಅವನಿಗೆ ಈ ಕೆಲಸ ಬೇಡವಾಗಿತ್ತೆಂಬುದು ಮುಖದಲ್ಲೇ ಇತ್ತು.

“ನೋಡು ಹಿಲ್ಲೆ, ದಾರಿ ಇದೆ. ಇನ್ಮೇಲೆ ಮೇಷ್ಟ್ರು ಹೇಳಿದ ಹಾಗೆ ಊದ್ತೀನಿ ಅಂತ ಒಂದು ಮಾತು ಹೇಳು. ಬಸೂನ್ ನಿನ್ನ ಹತ್ರಾನೇ ಇರಲಿ.”

ಹಿಲ್ಲೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದಳು. ಬಸೂನ್ ಒರೆಸಿ ಹೊಳೆಯುತ್ತಿತ್ತು. ಬಾಯಿಗಿಡುವ ಪೀಪಿ ಅವಳೇ ಕೆತ್ತಿದ್ದು, ಅದನ್ನು ಮಾತ್ರ ತೆಗೆದು ಜೇಬಿಗೆ ಹಾಕಿಕೊಂಡಳು.

“ಬಸೂನ್ ಸಂಘದ್ದು,” ಎಂದಳು. “ಶ್ವಾಸಕೋಶ ನಂದು. ಒಲೆ ಹತ್ರ ಇಡಬೇಡಿ, ಮರ ಸೀಳುತ್ತೆ.”

ಎದ್ದು ಹೊರಟೇಬಿಟ್ಟಳು. ದಾರಿಯಲ್ಲಿ ಅಳಲಿಲ್ಲ. ನಮ್ಮ ಮನೆಗೆ ಬಂದು ಹೊಗೆ ಹಾಕಿದ ಹಾವುಮೀನನ್ನು ರೈ ಧಾನ್ಯದ ರೊಟ್ಟಿಯ ಮೇಲಿಟ್ಟುಕೊಂಡು ಎರಡು ತುಂಡು ತಿಂದಳು. ಆದರೆ ಅವಳ ಬೆರಳುಗಳು ಮೇಜಿನ ಮೇಲೆ, ಬಸೂನಿನ ತೂತುಗಳಿರಬೇಕಾದ ಜಾಗದಲ್ಲಿ, ಏಳುತ್ತಾ ಇಳಿಯುತ್ತಾ ಇದ್ದದ್ದನ್ನು ನಾನು ನೋಡಿದೆ.

ಸಂಘದ ವಸಂತದ ಸಂಜೆ ಏಪ್ರಿಲ್ ಕೊನೆಯಲ್ಲಿ. ಇಡೀ ಊರು ಬರುತ್ತದೆ. ಕಾರ್ಯಕ್ರಮದಲ್ಲಿ ನಮ್ಮ ಐವರ ಹೆಸರು ಮೊದಲೇ ಅಚ್ಚಾಗಿಹೋಗಿತ್ತು. ಬಸೂನ್ ಇಲ್ಲದೆ ಇವರೇನು ನುಡಿಸುತ್ತಾರೆಂದು ಯಾರೂ ಅದನ್ನು ಹೊಡೆದುಹಾಕುವ ಗೋಜಿಗೆ ಹೋಗಲಿಲ್ಲ. ನಮ್ಮ ಸರದಿ ಬಂದಾಗ ವೇದಿಕೆಗೆ ಹೋಗಿ ಐದು ಕುರ್ಚಿ ಹಾಕಿಕೊಂಡೆವು. ಐದನೆಯದರಲ್ಲಿ ಹಿಲ್ಲೆ ಬಂದು ಕೂತಳು. ಕಪ್ಪು ಬಟ್ಟೆ, ಎರಡೂ ಕೈ ಮೊಣಕಾಲಿನ ಮೇಲೆ, ಮುಂದೆ ಅವಳ ಸ್ವರದ ಹಾಳೆ.

“ಇದೇನಿದು ಹಿಲ್ಲೆ?” ಎಂದರು ಮೇಷ್ಟ್ರು ಮುಂದಿನ ಸಾಲಿನಿಂದ.

“ಐದು ಜನಕ್ಕೆ ಬರೆದದ್ದು ಮೇಷ್ಟ್ರೇ. ಐದು ಜನ ಇದೀವಿ.”

ಶುರು ಮಾಡಿದೆವು. ಮಂಜು ಎದ್ದಿತು, ಗುಬ್ಬಿ ವಟಗುಟ್ಟಿತು. ಬಕದ ಜಾಗ ಬಂದಾಗ ನಾಲ್ಕು ವಾದ್ಯವೂ ನಿಂತವು. ಹಿಲ್ಲೆ ಬರಿಗೈಯಲ್ಲಿ ಕೂತು ಉಸಿರೆಳೆದಳು, ಒಂದು, ಎರಡು, ಮೂರು. ಆಮೇಲೆ ಕೂಗು ಇರಬೇಕಾದ ಕಡೆ ಏನೂ ಇರಲಿಲ್ಲ. ನಾವು ಆ ಸ್ವರದ ಪೂರ್ತಿ ಉದ್ದವನ್ನು ಲೆಕ್ಕ ಹಿಡಿದು ಕಾದು ಮುಂದೆ ಹೋದೆವು. ಸಭೆಯಲ್ಲಿ ಕೂತವರು ಜೌಗಿನಲ್ಲಿ ಹುಟ್ಟಿದವರು. ಅಲ್ಲಿ ಏನು ಬರಬೇಕಿತ್ತು, ಯಾಕೆ ಬರಲಿಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡನೆಯ ಸಲ ಹಾಗೇ ಆದಾಗ ಹಿಂದಿನ ಬೆಂಚುಗಳಿಂದ ಒಬ್ಬೊಬ್ಬರೇ ಬೆರೆಂಟನ ಕಡೆ ಕತ್ತು ತಿರುಗಿಸಿದರು.

ಮೇಷ್ಟ್ರು ನಿಲ್ಲಿಸಲು ಎದ್ದರು. ಬೆರೆಂಟ್ ಅವರ ಕೋಟಿನ ತುದಿ ಹಿಡಿದ.

“ಕೂತ್ಕೊಳ್ಳಿ ಮೇಷ್ಟ್ರೇ. ನನ್ನ ಮಗಳು ಊದ್ತಿದಾಳೆ.”

ಮೇಷ್ಟ್ರು ಕೂತರು. ಕೊನೆಯ ಪುಟ ಬಂತು. ಅಲ್ಲಿ ಬಕ ಕೊನೆಯ ಸಲ ಕೂಗುತ್ತದೆ. ಇಡೀ ಕೃತಿಯಲ್ಲೇ ಉದ್ದದ ಸ್ವರ ಅದು. ಹಿಲ್ಲೆ ಹಾಳೆಯಿಂದ ಕಣ್ಣೆತ್ತಿ ಹಿರಿಯರ ಸಾಲನ್ನು ನೇರವಾಗಿ ನೋಡಿದಳು. ಒಂದು ಗುಟುಕು. ಇನ್ನೊಂದು. ಮೂರನೆಯದಕ್ಕೆ ಅವಳ ಭುಜ ಎದ್ದಿತು, ಎದೆ ತುಂಬಿತು. ತುಂಬಿದ ಎದೆಯಲ್ಲಿ, ರೆಪ್ಪೆ ಮಿಟುಕಿಸದೆ, ಆ ಸ್ವರದ ಕೊನೆಯ ಎಣಿಕೆ ಮುಗಿಯುವವರೆಗೂ ಅವಳು ಉಸಿರು ಬಿಡಲಿಲ್ಲ.