ಯಾವುದರಿಂದ ಯಾವುದಕ್ಕೆ?

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ರಟ್ಟಿನ ಡಬ್ಬ ತಯಾರಿಸುವ ಕಾರ್ಖಾನೆಯ ಮೂಲೆ ಕೋಣೆಯಲ್ಲಿ ಐವತ್ತು ದಾಟಿದ ಒಬ್ಬರು ಗೋಣಿಚೀಲ ಮಡಿಸಿ ಮಂಡಿಯ ಕೆಳಗಿಟ್ಟುಕೊಂಡು, ಮೇಜಿನಡಿಗೆ ತಲೆ ತೂರಿಸಿ ಕೂತಿದ್ದಾರೆ. ಬಾಯಲ್ಲಿ ಟಾರ್ಚು. ಎಂಟಕ್ಕೆ ಪಾಳಿ ಶುರು. ಅಷ್ಟರೊಳಗೆ ಈ ಹಳೇ ಕಂಪ್ಯೂಟರ್ ಎದ್ದು ಕೂರಬೇಕು. ಇಲ್ಲದಿದ್ದರೆ ಪಕ್ಕದ ಶೆಡ್ಡಿನ ಕತ್ತರಿ ಯಂತ್ರ ಮಿಸುಕುವುದಿಲ್ಲ, ಬಂದ ಕೆಲಸಗಾರರೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಬಾಗಿಲಲ್ಲಿ ನಿಂತ ಮೇಲ್ವಿಚಾರಕ ಗಡಿಯಾರ ನೋಡಿ ನೋಡಿ ಸಾಕಾಗಿದ್ದಾನೆ.

"ಆಯ್ತಾ ಮಾಮ?"

"ಆಗತ್ತೆ ಇರಪ್ಪ. ನೀನಲ್ಲಿ ನಿಂತ್ಕೊಂಡು ಕುಣಿದ್ರೆ ಇದೇನೂ ಬೇಗ ಏಳಲ್ಲ."

ನೀಲಿ ಪರದೆ ಬರುತ್ತದೆ. ಅದರ ಬುಡದಲ್ಲಿ ಒಂದೇ ಒಂದು ಬಿಳಿ ಸಾಲು: ಹೊರಗಿನ ಡ್ರೈವರ್ ಇದ್ದರೆ ಎಫ್ ಸಿಕ್ಸ್ ಒತ್ತಿ. ಕಣ್ಣು ಮಿಟುಕಿಸಿದರೆ ಮಾಯವಾಗುವ ಸಾಲು ಅದು. ತಪ್ಪಿದರೆ ಮತ್ತೆ ಮೊದಲಿಂದ. ಹೊಸ ಕೀಬೋರ್ಡ್‌ಗಳು ಆ ಹೊತ್ತಿಗೆ ಎಚ್ಚರವೇ ಆಗಿರುವುದಿಲ್ಲ. ಹಾಗಾಗಿ ಇವರು ದುಂಡು ಮೂತಿಯ ಹಳೇ ಕೀಬೋರ್ಡನ್ನು ಕಂಕುಳಲ್ಲಿಟ್ಟುಕೊಂಡೇ ಊರೆಲ್ಲ ಓಡಾಡುತ್ತಾರೆ. ಸಾಲು ಕಂಡ ಕೂಡಲೇ ಬೆರಳು ಟಪಟಪ ಬಡಿಯುತ್ತದೆ. ಆಮೇಲೆ ಡ್ರೈವರ್ ಇರುವ ಫ್ಲಾಪಿ ತೂರಿಸುತ್ತಾರೆ, ಅದು ಗರಗರ ಎನ್ನುತ್ತದೆ, ಇವರು ಉಸಿರು ಬಿಗಿಹಿಡಿಯುತ್ತಾರೆ. ಹಳೇ ಯಂತ್ರಗಳ ಸಂತೆಯಂತಿರುವ ಆ ರಿಪೇರಿ ಮಾರುಕಟ್ಟೆಯಲ್ಲಿ ಇವರಿಗೆ 'ಎಫ್ ಸಿಕ್ಸ್ ಮಾಮ' ಎಂದೇ ಹೆಸರು. ಅಸಲು ಹೆಸರು ಕೇಳಿದರೆ ಅಕ್ಕಪಕ್ಕದ ಅಂಗಡಿಯವರೇ ತಲೆ ಕೆರೆದುಕೊಳ್ಳುತ್ತಾರೆ.

ಕೆಲಸ ಏನೆಂದು ಸರಳವಾಗಿ ಹೇಳುವುದಾದರೆ ಹೀಗೆ. ಕೆಲವು ಕಂಪ್ಯೂಟರ್‌ಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಲ್ಲದೆ ಮಾಹಿತಿಗೆಂದೇ ಬೇರೆ ಎರಡು ಡಿಸ್ಕ್ ಇರುತ್ತವೆ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಆ ಕ್ಷಣವೇ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ಕಾಯುತ್ತದೆ. ಈ ಜೋಡಿಯನ್ನು ನೋಡಿಕೊಳ್ಳುವುದು ರೇಡ್ ಕಾರ್ಡ್ ಎಂಬ ಪುಟ್ಟ ಹಲಗೆ. ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ಆ ಕಾರ್ಡಿನ ಪರಿಚಯವೇ ಇರುವುದಿಲ್ಲ. ಡಿಸ್ಕ್ ಕಣ್ಣೆದುರಿಗಿದ್ದರೂ 'ಇಲ್ಲಿ ಯಾವ ಡಿಸ್ಕೂ ಇಲ್ಲ' ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಡ್ರೈವರ್ ಎಂದರೆ ಪರಿಚಯ ಮಾಡಿಸುವ ಮಧ್ಯಸ್ಥ. ಅದು ಅದೇ ಕಾರ್ಡಿನದ್ದು, ಅದೇ ಕಾಲದ್ದು ಆಗಿರಬೇಕು. ಒಂದು ಕೂದಲೆಳೆ ಆಚೀಚೆಯಾದರೂ ಕೂರುವುದಿಲ್ಲ.

ಇವತ್ತು ಕೂತಿದೆ. ಆದರೆ ಮಾಮ ಎದ್ದೇಳುತ್ತಿಲ್ಲ. ಕೆಲಸಕ್ಕೆ ಮೊದಲೇ ಬಿಚ್ಚಿಟ್ಟಿದ್ದ ಎರಡು ಡಿಸ್ಕುಗಳಲ್ಲಿ ಮಾಹಿತಿ ತುಂಬಿದ ಒಂದಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿ, ಎರಡನ್ನೂ ವಾಪಸು ಸಿಕ್ಕಿಸಿದ್ದಾರೆ. ಮೇಲ್ವಿಚಾರಕನನ್ನು ಕರೆದು, "ಇದರ ನಂಬರ್ ಓದು. ಜೋರಾಗಿ. ಈಗ ಪರದೇಲಿರೋ ನಂಬರ್ ಓದು. ಎರಡೂ ಒಂದೇನಾ? ಇನ್ನೊಂದ್ಸಲ ಓದು" ಎನ್ನುತ್ತಾರೆ.

"ಇದೇನ್ ಮಾಮ, ನನಗೆ ಮಗ್ಗಿ ಹೇಳಿಕೊಡ್ತಿದೀರಾ?" ಎಂದು ಅವನು ನಗುತ್ತಾನೆ. ಮಾಮನ ಮುಖದಲ್ಲಿ ನಗು ಇಲ್ಲ. ಅವನು ಮೂರನೇ ಸಲ ಓದಿದ ಮೇಲೆಯೇ ಅವರ ಬೆರಳು ಗುಂಡಿ ಒತ್ತುತ್ತದೆ.

ಇವರು ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಅದು ಮುಳುಗಿದಾಗ ಟೀವಿ, ಅದೂ ಮುಳುಗಿದಾಗ ಕಂಪ್ಯೂಟರ್. "ನಾನು ಕಾಲಿಟ್ಟ ಕಡೆಯೆಲ್ಲ ಮುಳುಗತ್ತೆ ನೋಡಿ" ಎಂದು ತಮ್ಮನ್ನೇ ಆಡಿಕೊಳ್ಳುತ್ತಾರೆ. ಒಂದು ಕಾಲದಲ್ಲಿ ದಿನಕ್ಕೆ ನಾಲ್ಕೈದು ಕಡೆಯಿಂದ ಕರೆ ಬರುತ್ತಿತ್ತು. ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. ಹಳೇ ಯಂತ್ರ ಸಾಯುವವರೆಗೂ ದುಡಿಸುವ ಸಣ್ಣ ಕಾರ್ಖಾನೆಗಳು, ಒಂದೆರಡು ಅಚ್ಚುಕೂಟ, ಹಲ್ಲಿನ ಡಾಕ್ಟರೊಬ್ಬರು, ಇಷ್ಟೇ ಗಿರಾಕಿಗಳು. ಇವರೆಲ್ಲ ಒಬ್ಬರ ಬಾಯಿಂದ ಒಬ್ಬರು ಕೇಳಿ ಬಂದವರು. ಬೋರ್ಡಿಲ್ಲ, ಅಂಗಡಿಯಿಲ್ಲ. 'ಮಾಮ ಕೈ ಇಟ್ಟರೆ ಮಾಹಿತಿ ಹೋಗಲ್ಲ' ಎಂಬ ಮಾತೊಂದೇ ಬಂಡವಾಳ.

ಆ ಮಾತು ಸುಳ್ಳು ಎಂದು ಬಲ್ಲವರು ಇಬ್ಬರೇ, ಅವರ ಹೆಂಡತಿಯನ್ನು ಸೇರಿಸಿದರೆ ಮೂವರು. ನಮ್ಮ ಪತ್ರಿಕೆಯ ಪುರವಣಿಗೆ ಇವರ ಬಗ್ಗೆ ಬರೆಯುತ್ತೇವೆಂದಾಗ ಎರಡು ಸಲ ಕೈಮುಗಿದು ಬೇಡವೆಂದಿದ್ದರು. ಮೂರನೇ ಸಲ ತಾವೇ ಫೋನು ಮಾಡಿ ಕರೆದರು. "ಬರೀರಿ, ಆದ್ರೆ ನಾನು ಹೇಳೋ ಒಂದು ವಿಷಯ ಹಾಕಲೇಬೇಕು. ಅದು ಹಾಕಲ್ಲ ಅಂದ್ರೆ ಬರೋದೇ ಬೇಡಿ" ಎಂದರು.

ವಿಷಯ ಇದು. ಊರಿನ ಇನ್ನೊಂದು ತುದಿಯಲ್ಲಿ ಅಂಧ ಮಕ್ಕಳ ಶಾಲೆಯಿದೆ. ಅಲ್ಲಿ ಬ್ರೈಲ್ ಪುಸ್ತಕ ಅಚ್ಚುಹಾಕುವ ಯಂತ್ರ, ಅದನ್ನು ನಡೆಸುವ ಹಳೇ ಕಂಪ್ಯೂಟರ್. ಅದರ ಮುಂದೆ ಹತ್ತೊಂಬತ್ತು ವರ್ಷ ಕೂತವರು ಆ ಶಾಲೆಯ ಟೀಚರ್. ಹುಟ್ಟುಗುರುಡಿ. ಪಾಠ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅವರು ತಮ್ಮ ಮಕ್ಕಳಿಗಾಗಿ ಒಂದು ನಿಘಂಟು ಬರೆಯುತ್ತಿದ್ದರು. ಕಣ್ಣಿದ್ದವರು ಬರೆದ ನಿಘಂಟಿನಲ್ಲಿ ಬಣ್ಣ, ಬೆಳಕು ಅಂತೆಲ್ಲ ಇರುತ್ತದಲ್ಲ, ಅದರಿಂದ ಈ ಮಕ್ಕಳಿಗೇನು ತಿಳಿಯಬೇಕು? ಟೀಚರ್ ಬರೆದದ್ದು ಬೇರೆ ಥರ. ಮಾಮನಿಗೆ ಕೆಲವು ಬಾಯಿಪಾಠವಿವೆ. ನೆರಳು: ಬಿಸಿಲಲ್ಲಿ ನಡೆಯುವಾಗ ಮೈ ಇದ್ದಕ್ಕಿದ್ದಂತೆ ತಣ್ಣಗಾಗುವ ಜಾಗ. ಕನ್ನಡಿ: ಕೈಗೆ ನುಣ್ಣಗೆ ಹತ್ತುವ ಗಾಜು, ಕಣ್ಣಿದ್ದವರು ಇದರ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ, ಅಲ್ಲಿಯವರೆಗೆ ನಾವು ಬಾಗಿಲಲ್ಲಿ ಕಾಯಬೇಕು.

ಮೊದಲರ್ಧ ಅಚ್ಚಾಗಿತ್ತು. ಉಳಿದರ್ಧ ಡಿಸ್ಕಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಅದಕ್ಕೂ ಕಾರಣ ಮಾಮನೇ. ಬಹಳ ಹಿಂದೆ ಆ ಜೋಡಿ ಡಿಸ್ಕ್ ಕೂರಿಸಿಕೊಟ್ಟು, "ಎರಡಿದಾವಲ್ಲ ಟೀಚರ್, ಇನ್ನೇನು ಭಯ? ನಿಶ್ಚಿಂತೆಯಾಗಿರಿ" ಎಂದವರು ಅವರು. ಟೀಚರ್ ನಿಶ್ಚಿಂತೆಯಾಗಿದ್ದರು.

ಎರಡು ವರ್ಷದ ಹಿಂದೆ ಒಂದು ಡಿಸ್ಕ್ ಸತ್ತಿತು, ಕಾರ್ಡೂ ಕೈಕೊಟ್ಟಿತು. ಮಾಮ ಅದೇ ಕಂಪನಿಯ ಬೇರೆ ಕಾರ್ಡ್ ಹುಡುಕಿ ತಂದರು, ಸತ್ತದ್ದರ ಜಾಗಕ್ಕೆ ಅದೇ ಬಗೆಯ ಖಾಲಿ ಡಿಸ್ಕ್ ತಂದರು. ಡ್ರೈವರ್ ಹಾಕುವಾಗ ಅಪ್ಪಿತಪ್ಪಿ ಏನೂ ಆಗದಿರಲೆಂದು ತುಂಬಿದ ಡಿಸ್ಕನ್ನೂ ಖಾಲಿ ಡಿಸ್ಕನ್ನೂ ಬಿಚ್ಚಿ ಪಕ್ಕಕ್ಕಿಟ್ಟರು. ಡ್ರೈವರ್ ಕೂರಲಿಲ್ಲ. ಬೇರೆ ಫ್ಲಾಪಿ ಹಾಕಿದರು, ಅದೂ ಕೂರಲಿಲ್ಲ. ಪ್ರತಿ ಸಲವೂ ಡಿಸ್ಕ್ ಹಾಕಿ ನೋಡುವುದು, ಮತ್ತೆ ಬಿಚ್ಚುವುದು. ಕೊನೆಗೆ ಕೂತಿತು. ಆ ಖುಷಿಯಲ್ಲಿ ಡಿಸ್ಕುಗಳನ್ನು ವಾಪಸು ಸಿಕ್ಕಿಸಿದರು. ನೋಡಲು ಅವಳಿಜವಳಿ. ಖಾಲಿಯದು ಮೊದಲನೇ ಜಾಗಕ್ಕೆ ಹೋಯಿತು, ತುಂಬಿದ್ದು ಎರಡನೇದಕ್ಕೆ. ಎಚ್ಚರಿಕೆಗೆಂದು ಬಿಚ್ಚಿದ್ದೇ ಮುಳುವಾಯಿತು.

ಪರದೆ ಕೇಳಿತು: ಒಂದರಿಂದ ಎರಡಕ್ಕೆ ನಕಲು ಮಾಡಲೇ?

ಪಕ್ಕದ ಕುರ್ಚಿಯಲ್ಲಿದ್ದ ಟೀಚರ್ ಕೇಳಿದರು: "ಯಾವುದರಿಂದ ಯಾವುದಕ್ಕೆ ಅಂತ ನೋಡ್ದೇನಪ್ಪಾ?"

"ನೋಡ್ದೆ ಟೀಚರ್."

"ನೋಡಿರಲಿಲ್ಲ" ಎನ್ನುತ್ತಾರೆ ಮಾಮ. ಹೇಳುವಾಗ ಅವರು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಾರೆ. "ಬಾಯಿಗೆ ಬಂದಿದ್ದು ಹೇಳಿದೆ ಅಷ್ಟೇ. ಸುಳ್ಳು ಹೇಳ್ಬೇಕು ಅಂತ ಏನಿರಲಿಲ್ಲ. ಊಟ ಆಯ್ತಾ ಅಂದ್ರೆ ಆಯ್ತು ಅಂತೀವಲ್ಲ, ಹಾಗೆ."

ನಕಲು ಮುಗಿಯಲು ಇಡೀ ಮಧ್ಯಾಹ್ನ ಹಿಡಿಯಿತು. ಟೀಚರಿಗೆ ಪರದೆ ಕಾಣುವುದಿಲ್ಲವಲ್ಲ, ಆಗಾಗ "ಎಷ್ಟಾಯ್ತು?" ಎನ್ನುವರು. ಇವರು ಓದಿ ಹೇಳುವರು. ನಲವತ್ತಾಯ್ತು ಟೀಚರ್. ಅರವತ್ತಾಯ್ತು. ಎಂಬತ್ತು ದಾಟಿದಾಗ ಟೀಚರ್ ಚಪ್ಪಾಳೆ ತಟ್ಟಿ, ಈ ಸಲ ಉಳಿದರ್ಧವನ್ನೂ ಅಚ್ಚುಹಾಕಿಸಿಬಿಡೋಣ, ಇನ್ನು ತಡ ಮಾಡಬಾರದು ಎಂದರಂತೆ. ಒಂದೊಂದು ಅಂಕಿ ಏರಿದಾಗಲೂ ಅವರ ಮಾತುಗಳು ಅಷ್ಟಷ್ಟು ಅಳಿಸಿಹೋಗುತ್ತಿದ್ದವು. ಖಾಲಿ ಡಿಸ್ಕು ತನ್ನ ಖಾಲಿಯನ್ನು ಅಚ್ಚುಕಟ್ಟಾಗಿ, ಚಾಚೂ ತಪ್ಪದೆ, ತುಂಬಿದ ಡಿಸ್ಕಿನ ಮೇಲೆ ಬರೆಯುತ್ತಿತ್ತು. ಅದನ್ನು ಬಾಯಿಬಿಟ್ಟು ಓದಿ ಹೇಳಿ ಅವರನ್ನು ಖುಷಿಪಡಿಸಿದವರು ಮಾಮ.

ನೂರಾಯಿತು. ತೆರೆದರೆ ಏನೂ ಇಲ್ಲ. ಅವರು ಮುಚ್ಚಿಡಲಿಲ್ಲ, ಅಲ್ಲೇ ಟೀಚರಿಗೆ ಹೇಳಿದರು. ಟೀಚರ್ "ಎಲ್ಲಾನಾ?" ಎಂದು ಒಂದೇ ಮಾತು ಕೇಳಿದರು. ಅಳಿಸಿದ್ದನ್ನು ಮರಳಿ ತೆಗೆಯುವವರ ಹತ್ತಿರ ಮಾಮ ಆಮೇಲೆ ಆ ಡಿಸ್ಕನ್ನು ಹೊತ್ತು ತಿರುಗಿದ್ದೂ ಆಯಿತು. ಬರೀ ಅಳಿಸಿದ್ದರೆ ತೆಗೆಯಬಹುದಿತ್ತು, ಮೇಲೆ ಬರೆದುಬಿಟ್ಟಿದ್ದೀರಲ್ಲ ಎಂದು ಎಲ್ಲರೂ ಕೈ ಎತ್ತಿದರು.

"ಡ್ರೈವರ್ ಮಾತ್ರ ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ?" ಎಂದು ಮಾಮ ನಗಲು ನೋಡುತ್ತಾರೆ. "ಎರಡೂ ಡಿಸ್ಕ್ ಒಂದೇ ಸಮ. ಒಂದರಲ್ಲಿ ಏನಿಲ್ವೋ ಇನ್ನೊಂದರಲ್ಲೂ ಅದೇ ಇಲ್ಲ." ನಗು ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲಿಗೆ ಮುಗಿದಿದ್ದರೆ ಒಂದು ನಷ್ಟದ ಕಥೆಯಾಗುತ್ತಿತ್ತು. ಅದೇ ಸಂಜೆ ಸುದ್ದಿ ಕೇಳಿ ಮುಖ್ಯೋಪಾಧ್ಯಾಯರು ಓಡಿಬಂದರು. ಮಾಮ ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಹೇಳಿದರು: "ನಾನೇ ಸರ್. ಇವನು ಹೊರಗೆ ಹೋಗಿದ್ದ. ನಾನು ಏನೋ ಒತ್ತಿಬಿಟ್ಟೆ."

ಮಾಮನ ಹೆಂಡತಿಗೆ ಆ ತಿಂಗಳೇ ಆಪರೇಷನ್ ಆಗಿತ್ತು. ಟೀಚರಿಗೆ ಅದು ಗೊತ್ತಿತ್ತು. ಮುಖ್ಯೋಪಾಧ್ಯಾಯರು ಆಚೆ ಹೋದ ಮೇಲೆ ಅವರೆಂದರು: "ನನ್ನದು ಹೋಯ್ತು. ನಿನ್ನದೂ ಹೋಗಿ ಏನು ಬರತ್ತೆ? ಬಾಯಿ ಮುಚ್ಕೊಂಡು ಮನೆಗೆ ಹೋಗು." ಮಾಮ ಬಾಯಿ ಮುಚ್ಚಿಕೊಂಡು ಮನೆಗೆ ಹೋದರು. ಅವರಿಗೆ ತಮ್ಮ ಮೇಲೆ ಹೇಸಿಗೆ ಹುಟ್ಟಿಸುವುದು ಈ ನಡಿಗೆ. ಡಿಸ್ಕ್ ಅಳಿಸಿದ್ದಕ್ಕಿಂತ ಹೆಚ್ಚು.

ಕಣ್ಣಿಲ್ಲದವರು ಎಲ್ಲ ಕೆಲಸವನ್ನೂ ಮಾಡಬಲ್ಲರೆಂದು ಆಯುಷ್ಯವಿಡೀ ವಾದಿಸಿ, ಜಗಳವಾಡಿ, ಆ ಯಂತ್ರವನ್ನು ಶಾಲೆಗೆ ತರಿಸಿದವರು ಟೀಚರ್. ಈಗ ಅವರ ಹೆಸರನ್ನೇ ಮುಂದಿಟ್ಟುಕೊಂಡು ಆಡಳಿತ ಮಂಡಳಿ ನಿಯಮ ಮಾಡಿತು. ಕಂಪ್ಯೂಟರ್ ಕೋಣೆಗೆ ಬೀಗ. ಕಣ್ಣಿಲ್ಲದ ಸಿಬ್ಬಂದಿ ಒಬ್ಬರೇ ಒಳಗೆ ಹೋಗುವಂತಿಲ್ಲ. ಬೀಗದ ಕೈ ಗುಮಾಸ್ತರ ಬಳಿ. 'ಪಾಪ, ಏನೋ ಒತ್ತಿಬಿಟ್ಟರು' ಎಂದು ಕನಿಕರ ಬೇರೆ.

"ಆಪರೇಷನ್ ಆದೋಳು ನಾನು, ಸೊರಗಿದ್ದು ಇವರು" ಎನ್ನುತ್ತಾರೆ ಮನೆಯಲ್ಲಿ ಕಾಫಿ ತಂದಿಟ್ಟ ಹೆಂಡತಿ. "ನಾನು ಅವತ್ತಿಂದ ಹೇಳ್ತಾನೇ ಇದೀನಿ, ಹೋಗಿ ನಿಜ ಹೇಳಿ ಬನ್ನಿ, ಗಂಜಿ ಕುಡಿದಾದ್ರೂ ಇರೋಣ ಅಂತ. ನಾಳೆ ನಾಳೆ ಅಂತ ಎರಡು ವರ್ಷ ಕಳೆದ್ರು." ಮಾಮ ತಲೆ ತಗ್ಗಿಸಿ ಲೋಟದ ಅಂಚು ಒರೆಸುತ್ತಾರೆ. ಕಳೆದ ತಿಂಗಳು ಕೊನೆಗೂ ಹೋಗಿ ಹೇಳಿದರಂತೆ. ಮುಖ್ಯೋಪಾಧ್ಯಾಯರು ಬೆನ್ನು ತಟ್ಟಿ, "ಅವರ ತಪ್ಪನ್ನ ಮೈಮೇಲೆ ಹಾಕ್ಕೊಳ್ಳೋಕೆ ಬಂದಿದೀರಿ, ದೊಡ್ಡ ಮನಸ್ಸು ನಿಮ್ಮದು" ಎಂದು ಕಳಿಸಿದರು. ನಿಜ ಹೇಳಲು ಅಷ್ಟು ತಡಮಾಡಿದರೆ ಅದನ್ನು ನಂಬುವವರೂ ಉಳಿಯುವುದಿಲ್ಲ.

ಟೀಚರ್ ಶಾಲೆಯ ಹಿಂದಿನ ಒಂದು ಕೋಣೆಯಲ್ಲಿರುತ್ತಾರೆ. ಮಾಮನ ಹೆಜ್ಜೆ ಕೇಳಿದ ಕೂಡಲೇ "ಬಂದೆಯಾ? ಕೂತ್ಕೋ. ಜೊತೆಗ್ಯಾರು?" ಎನ್ನುತ್ತಾರೆ. ಪತ್ರಿಕೆಯವರೆಂದು ತಿಳಿದಾಗ ಅವರ ದನಿ ಗಟ್ಟಿಯಾಗುತ್ತದೆ. "ಇವನ ಮಾತು ಕಟ್ಕೋಬೇಡಿ. ಒತ್ತಿದ್ದು ನಾನೇ. ಬರೆಯೋದಾದ್ರೆ ಇವನ ಕೆಲಸದ ಬಗ್ಗೆ ಬರೀರಿ. ಇಂಥವರು ಊರಲ್ಲಿ ಇನ್ನೊಬ್ಬರಿಲ್ಲ."

"ಟೀಚರ್, ಸಾಕು ಬಿಡಿ" ಎನ್ನುತ್ತಾರೆ ಮಾಮ.

"ನೀನು ಸುಮ್ನಿರು."

ನಿಘಂಟನ್ನು ಮತ್ತೆ ಬರೆಯಬಹುದಲ್ಲವೇ ಎಂದರೆ ಟೀಚರ್ ತಲೆಯಾಡಿಸುತ್ತಾರೆ. ಒಂದು ತಿಂಗಳು ಪ್ರಯತ್ನಪಟ್ಟರಂತೆ, ಗುಮಾಸ್ತರನ್ನು ಕಾದು, ಬೀಗ ತೆಗೆಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು. "ಈ ಮಾತಿಗೆ ಏನೋ ಒಂದು ಚೆಂದಾಗಿ ಬರೆದಿದ್ದೆ ಅಂತ ನೆನಪಾಗತ್ತೆ. ಏನು ಬರೆದಿದ್ದೆ ಅನ್ನೋದು ನೆನಪಾಗಲ್ಲ. ಪಕ್ಕದಲ್ಲಿ ಒಬ್ಬರು ಆಕಳಿಸ್ತಾ ಕೂತಿದ್ರೆ ಇನ್ನೂ ಆಗಲ್ಲ. ಬಿಟ್ಟೆ." ಅವರ ಕೈ ಮಡಿಲಲ್ಲಿದೆ. ಬೆರಳುಗಳು ಅಲುಗುತ್ತಿಲ್ಲ.

ಹೊರಗೆ ಬಂದ ಮೇಲೆ ಗೇಟಿನ ಬಳಿ ಮಾಮ ನಿಲ್ಲುತ್ತಾರೆ. ಇದನ್ನು ಅಚ್ಚುಹಾಕಿದರೆ ನಾಳೆಯಿಂದ ನಿಮ್ಮನ್ನು ಯಾರು ಕರೆಯುತ್ತಾರೆ ಎಂದು ಕೇಳಿದಾಗ, "ಯಾರೂ ಕರೆಯಲ್ಲ" ಎಂದು ಒಪ್ಪುತ್ತಾರೆ. ಕೀಬೋರ್ಡನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳುತ್ತಾರೆ.

"ನನ್ನ ಹೊಗಳಿ ಏನೂ ಹಾಕ್ಬೇಡಿ. ಟೀಚರ್ ಏನೂ ಒತ್ತಲಿಲ್ಲ, ಒತ್ತಿದ್ದು ಎಫ್ ಸಿಕ್ಸ್ ಮಾಮ ಅಂತ ಹಾಕಿ. ಪೇಪರಲ್ಲಿ ಬಂದ್ರೆ ನಂಬ್ತಾರೋ ಏನೋ. ನಂಬಿದ್ರೆ ಆ ಕೋಣೆ ಬೀಗದ ಕೈ ಅವರಿಗೆ ವಾಪಸ್ ಕೊಡಲಿ. ಒಳಗೆ ಏನೂ ಉಳಿದಿಲ್ಲ, ನನಗೆ ಗೊತ್ತು. ಆದ್ರೂ ಕೊಡಲಿ."