ಎವರ್‌ಗ್ರೀನ್ ಗುಡ್ಡದ ರೇಡಿಯೋ

ದೆವ್ವ, ಶಕುನ, ಕನಸಿನಲ್ಲಿ ಬಂದ ಎಚ್ಚರಿಕೆ ಅಂತ ಯಾರಾದರೂ ಮಾತು ಶುರು ಮಾಡಿದರೆ ನಾನು ಎದ್ದು ಕಾಫಿ ಮಾಡಲು ಹೋಗುವವಳು. ನನ್ನ ಕೆಲಸವೇ ಅಂಥದ್ದು. ಹವಾಮಾನದ ಮುನ್ಸೂಚನೆ ಕೊಡುವವಳು ಆಧಾರವಿದ್ದರೆ ಮಾತಾಡಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಈಗಲೂ ನಾನು ಹಾಗೇ ಇದ್ದೇನೆ. ಆದರೆ ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ನನ್ನ ಜಂಭ ನಡೆಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅವು ಡಾಟ್‌ಕಾಮ್ ಭರಾಟೆಯ ದಿನಗಳು. ಸಾಂಟಾ ಕ್ಲಾರಾದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಮಧ್ಯಾಹ್ನದ ಹೊತ್ತಿಗೆ ಗುಡುಗು ಸಿಡಿಲಿನ ಆರ್ಭಟ. ಅಲ್ಲಿನ ಬಂದರುಗಳಿಗೆ, ಗಾಲ್ಫ್ ಮೈದಾನಗಳಿಗೆ ‘ಸಿಡಿಲು ಬರುತ್ತಿದೆ, ಒಳಗೆ ಹೋಗಿ’ ಎಂದು ಇಂಟರ್ನೆಟ್ಟಿನಲ್ಲಿ ಮುಂಚೆಯೇ ತಿಳಿಸುವುದು ನಮ್ಮ ವ್ಯಾಪಾರ. ಒಂದು ಬೇಸಿಗೆ ಆ ಕರಾವಳಿಗೇ ಹೋಗಿ ಬಂದಿದ್ದೆ. ಅಲ್ಲಿ ಮೋಡ ಗಮನಿಸುವವರು ಕಾರಿನಲ್ಲಿ ಎ.ಎಂ. ರೇಡಿಯೋ ಹಾಕಿಕೊಂಡಿರುತ್ತಿದ್ದರು. ದೂರದಲ್ಲಿ ಮಿಂಚಿದರೆ ಅದು ಕರಕರ ಅನ್ನುತ್ತದೆ. ಕರಕರ ಹೆಚ್ಚಾಯಿತೆಂದರೆ ಸಿಡಿಲು ಹತ್ತಿರ ಬರುತ್ತಿದೆ ಎಂದು ಲೆಕ್ಕ. ಇದರಲ್ಲಿ ಮಾಯಮಂತ್ರ ಏನೂ ಇಲ್ಲ, ಬರೀ ಭೌತಶಾಸ್ತ್ರ.

ಪಶ್ಚಿಮ ಕರಾವಳಿಯ ನಮ್ಮ ಬೇ ಏರಿಯಾದಲ್ಲಿ ಗುಡುಗು ಕೇಳುವುದೇ ಅಪರೂಪ. ಬೇಸಿಗೆಯ ಕೊನೆಯಲ್ಲಂತೂ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ. ಆದರೂ ನಮ್ಮ ಕನ್ನಡದವರು ಪಿಕ್ನಿಕ್ ಇಟ್ಟುಕೊಂಡರೆ ಮೊದಲ ಫೋನು ನನಗೇ. ಆ ಸಲ ಮಂಡ್ಯ ಕಡೆಯ ರವಿ, ಎವರ್‌ಗ್ರೀನ್ ಬಡಾವಣೆಯಲ್ಲಿರುವ ತಮ್ಮ ಮನೆಯ ಹಿಂದಿನ ಗುಡ್ಡದ ಮೇಲೆ ಎಲ್ಲರಿಗೂ ಊಟ ಇಟ್ಟುಕೊಂಡಿದ್ದರು. ‘ಒಂದು ಹನಿಯೂ ಬೀಳಲ್ಲ, ಧೈರ್ಯವಾಗಿ ಮಾಡಿ’ ಎಂದು ಹಿಂದಿನ ದಿನ ಹೇಳಿದವಳು ನಾನೇ.

ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಓಕ್ ಮರ. ಅದರ ನೆರಳಲ್ಲೇ ಊಟದ ಪಾತ್ರೆಗಳು, ಅದರ ಬುಡದಿಂದಲೇ ಮಕ್ಕಳ ಗೋಣಿಚೀಲದ ಓಟ. ನಮ್ಮ ಕಾರು ಪಕ್ಕದಲ್ಲೇ ನಿಂತಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಮಾವನವರು ಬಾಗಿಲು ತೆರೆದುಕೊಂಡು ಮುಂದಿನ ಸೀಟಿನಲ್ಲಿ ಕೂತು ಎ.ಎಂ. ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದರು. ಆ ಆಟ ಅವರಿಗೆ ಒಂದಕ್ಷರವೂ ತಿಳಿಯದು. ಕ್ರಿಕೆಟ್ ಸಿಗದ ಊರಿನಲ್ಲಿ ಯಾವುದೋ ಒಂದು ಕಾಮೆಂಟರಿ ಕಿವಿಗೆ ಬಿದ್ದರೆ ಸಾಕಿತ್ತು.

ಸ್ವಲ್ಪ ಹೊತ್ತಿಗೆ ಅವರು ನನ್ನನ್ನು ಕರೆದರು.

“ಆ ಕರಕರಾ ಬಂದ್ ಮಾಡವಾ, ತಲಿ ಚಿಟ್ ಹಿಡದೈತಿ.”

ನಾನು ಬಗ್ಗಿ ಕಿವಿಗೊಟ್ಟೆ. ಕಾಮೆಂಟರಿಯನ್ನು ಮುಚ್ಚಿಹಾಕುವಷ್ಟು ಕರಕರ. ನೋಡ ನೋಡುತ್ತಿದ್ದಂತೆ ಅದು ಒತ್ತೊತ್ತಾಗಿ ಬರತೊಡಗಿತು. ತಲೆಯೆತ್ತಿದರೆ ಎಲ್ಲೂ ಒಂದು ತುಣುಕು ಮೋಡವಿಲ್ಲ. ಆಫೀಸಿಗೆ ಫೋನ್ ಮಾಡಿದೆ. ಶನಿವಾರದ ಪಾಳಿಯಲ್ಲಿದ್ದ ಸಹೋದ್ಯೋಗಿ, ಮಿಂಚು ಹೊಡೆದಲ್ಲೆಲ್ಲ ಚುಕ್ಕೆ ತೋರಿಸುವ ಮಿಂಚಿನ ನಕ್ಷೆ ನೋಡಿ, ಇಡೀ ರಾಜ್ಯದಲ್ಲಿ ಒಂದೇ ಒಂದು ಮಿಂಚೂ ಇಲ್ಲ ಎಂದ.

ಯಂತ್ರ ಇಲ್ಲ ಎನ್ನುತ್ತಿದೆ, ನನ್ನ ಮುನ್ಸೂಚನೆಯೂ ಇಲ್ಲ ಎಂದಿದೆ. ಸುಮ್ಮನೆ ಕೂರಬಹುದಿತ್ತು. ಆದರೆ ನನ್ನ ಮಗಳು ಗೋಣಿಚೀಲದಲ್ಲಿ ಕಾಲಿಟ್ಟು ಆ ಮರಕ್ಕೇ ಒರಗಿ ನಿಂತಿದ್ದಳು. ನೇರವಾಗಿ ರವಿಯ ಹತ್ತಿರ ಹೋಗಿ ಎಲ್ಲರನ್ನೂ ಕೆಳಗಿಳಿಸಿ ಎಂದೆ.

“ಏನ್ ಮೇಡಂ, ನಿನ್ನೆ ನೀವೇ ತಾನೆ ಕ್ಲಿಯರು ಅಂದಿದ್ದು? ಈಗಿನ್ನೂ ಎಲ್ಲಾ ಸೆಟಪ್ ಮಾಡಿದೀವಿ, ಸುಮ್ನಿರಿ.”

“ನಿನ್ನೆ ಹೇಳಿದ್ದೂ ನಾನೇ, ಈಗ ಹೇಳ್ತಿರೋದೂ ನಾನೇ. ಇಳೀರಿ.”

ಎಲ್ಲರೂ ನಕ್ಕರು. ಮಗಳು ‘ಒನ್ ಮೋರ್ ರೇಸ್, ಅಮ್ಮಾ’ ಎಂದು ಹಟ ಹಿಡಿದಳು. ಇನ್ನು ವಾದ ಮಾಡಿ ಪ್ರಯೋಜನವಿಲ್ಲ ಅನ್ನಿಸಿತು. ಬಿಸಿಬೇಳೆಬಾತಿನ ಪಾತ್ರೆಗೆ ಕೈ ಹಾಕಿದೆ. ನನ್ನ ಹಟ ಗೊತ್ತಿದ್ದ ನನ್ನ ಗಂಡ ಇನ್ನೊಂದು ಕಡೆ ಹಿಡಿದುಕೊಂಡರು. ಅದು ಡಿಕ್ಕಿ ಸೇರಿತು, ಹಿಂದೆಯೇ ಮೊಸರನ್ನ, ಕೋಸಂಬರಿ, ಹಪ್ಪಳದ ಡಬ್ಬ. ಹಸಿದ ಕನ್ನಡಿಗರು ಊಟವನ್ನು ಕಳಿಸಿ ಗುಡ್ಡದ ಮೇಲೆ ಕೂರುತ್ತಾರೆಯೇ? ಗೊಣಗುತ್ತಲೇ ಮಕ್ಕಳ ಕೈ ಹಿಡಿದು ಒಬ್ಬೊಬ್ಬರಾಗಿ ಇಳಿದರು.

ರವಿಯ ಗರಾಜಿನಲ್ಲಿ ಬಡಿಸಿದೆವು. ರವಿ ಮುಖ ದಪ್ಪ ಮಾಡಿಕೊಂಡು ಉಪ್ಪಿನಕಾಯಿ ಹಂಚುತ್ತಿದ್ದರು. ಇನ್ನೂ ಮೊಸರನ್ನಕ್ಕೆ ಬಂದಿರಲಿಲ್ಲ, ಪೂರ್ವದ ಬೆಟ್ಟಗಳ ಆಚೆಯಿಂದ ಒಂದು ಕಪ್ಪು ಮೋಡ ಎದ್ದು ಬಂತು. ಬೆಳಕು, ಶಬ್ದ ಎರಡೂ ಒಟ್ಟಿಗೇ. ಕಿಟಕಿ ಗಾಜುಗಳು ಅದುರಿದವು, ಮಕ್ಕಳು ಚೀರಿಕೊಂಡರು. ಅದೊಂದೇ ಸಿಡಿಲು. ಮಳೆಯೂ ಬರಲಿಲ್ಲ.

ಸಂಜೆ ಆಕಾಶ ತಿಳಿಯಾದ ಮೇಲೆ ಮೇಲೆ ಹೋಗಿ ನೋಡಿದೆವು. ಓಕ್ ಮರ ನೆತ್ತಿಯಿಂದ ಬುಡದವರೆಗೆ ಸೀಳಿತ್ತು. ಓಟ ಶುರು ಮಾಡುವ ಕಡೆ ಕಟ್ಟಿದ್ದ ಹಗ್ಗ ಸುಟ್ಟು ತುಂಡಾಗಿ ಬಿದ್ದಿತ್ತು. ರವಿ “ಮೇಡಂ...” ಅಂದವರು ನನ್ನ ಮಗಳನ್ನು ಎತ್ತಿಕೊಂಡರು. ಆಗ ನನಗೆ ಅಳು ಬಂತು.

ಇಲ್ಲಿಯವರೆಗೆ ಎಲ್ಲವೂ ಭೌತಶಾಸ್ತ್ರವೇ. ನಕ್ಷೆ ಹಿಡಿಯದ ಮಿಂಚನ್ನು ರೇಡಿಯೋ ಹಿಡಿಯಿತು ಎಂದು ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಸೋಮವಾರ ಆಫೀಸಿನಲ್ಲಿ ಆ ದಿನದ ಮಿಂಚಿನ ನಕ್ಷೆ ತೆಗೆದೆ. ಇದ್ದದ್ದು ಒಂದೇ ಒಂದು ಚುಕ್ಕೆ, ಆ ಮರದ ಮೇಲೆ. ಅದಕ್ಕೆ ಮುಂಚೆ ನಮ್ಮ ರಾಜ್ಯದಲ್ಲೂ ಇಲ್ಲ, ಪಕ್ಕದ ರಾಜ್ಯಗಳಲ್ಲೂ ಇಲ್ಲ, ಸಮುದ್ರದ ಮೇಲೂ ಇಲ್ಲ. ಹಾಗಿದ್ದರೆ ಕರಕರ ಎಂದದ್ದು ಏನು? ರೇಡಿಯೋ ಕರಕರ ಅನ್ನಲು ಗುಡ್ಡದ ಮೇಲೆ ವಿದ್ಯುತ್ ತಂತಿಯೂ ಇಲ್ಲ. ಕಾರಿನ ಇಂಜಿನ್ ಆಫ್ ಆಗಿತ್ತು. ಭ್ರಮೆ ಇರಬೇಕು ಎಂದುಕೊಂಡು ಮಾವನವರನ್ನೇ ಕೇಳಿದೆ.

“ಹಂಚಿನ್ಯಾಗ ಶೇಂಗಾ ಹುರದಂಗ ಕೇಳ್ತಿತ್ತಲ್ಲವಾ. ನಿನಗೂ ಕೇಳ್ಸಿತಲ್ಲ?” ಎಂದರು.

ಮುಂದಿನ ವಾರ ರವಿ ಪಿಕ್ನಿಕ್ಕಿನ ವಿಡಿಯೋ ಟೇಪು ತಂದುಕೊಟ್ಟರು. ಹೊಸದಾಗಿ ಕೊಂಡ ಕ್ಯಾಮೆರಾದಲ್ಲಿ ಅವರು ಎಲ್ಲವನ್ನೂ ಹಿಡಿದಿದ್ದರು. ಮಾವನವರು ನನ್ನನ್ನು ಕರೆದದ್ದೂ ಅದರಲ್ಲಿದೆ. ‘ಆ ಕರಕರಾ ಬಂದ್ ಮಾಡವಾ’ ಎನ್ನುವ ಮಾತು ಸ್ಪಷ್ಟವಾಗಿ ಕೇಳುತ್ತದೆ. ಕರಕರ ಮಾತ್ರ ಇಲ್ಲ.

ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಮಾವನವರು ತೀರಿಕೊಂಡರು. ಮಗಳು ಕಾಲೇಜು ಮುಗಿಸಿ ತನ್ನ ಪಾಡಿಗೆ ತಾನಿದ್ದಾಳೆ. ಬಲ್ಲವರು ಹೇಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ್ದೇನೆ, ಯಾವುದೂ ಹೊಂದುವುದಿಲ್ಲ. ಬಿಡುವವಳಲ್ಲ ನಾನು, ಇನ್ನೂ ಹುಡುಕುತ್ತೇನೆ. ಆಗಾಗ ಆ ಟೇಪು ಹಾಕುತ್ತೇನೆ. ಚಿತ್ರದಲ್ಲಿ ನನ್ನ ಹಿಂದೆ ಮಗಳು ಮರಕ್ಕೆ ಒರಗಿ ನಗುತ್ತಿದ್ದಾಳೆ. ಮುಂದೆ ನಾನು ಬಿಳಿಚಿದ ಮುಖದಲ್ಲಿ ರೇಡಿಯೋಗೆ ಕಿವಿ ಹಚ್ಚಿ ಬಗ್ಗಿದ್ದೇನೆ. ರೇಡಿಯೋದಲ್ಲಿ ಯಾರೋ ನಿರಾಳವಾಗಿ ಬೇಸ್‌ಬಾಲ್ ಸ್ಕೋರು ಹೇಳುತ್ತಿದ್ದಾನೆ.