ಭಂಡಾರ ಹಚ್ಚಿದ ಕೈಲೇ ಬಸ್ ಹತ್ತರಿ

ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಬಿ.ಎಸ್ಸಿ. ಮುಗಿಸುವುದು ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ. ನಾನು ಕಾಲೇಜಿಗೆ ಹೆಸರು ಹಚ್ಚಿದ ದಿನದಿಂದ ಪ್ರತಿ ಹಬ್ಬಕ್ಕೂ ಬಂದು, ಉಂಡು, ಕೈ ತೊಳೆಯುತ್ತ ಅದನ್ನೇ ಹೇಳಿ ಹೋಗುತ್ತಿದ್ದ. "ದಿನಾ ಎರಡ ಬಸ್ ಹತ್ತಿ ಚಿಕ್ಕೋಡಿಗೆ ಹೋಗಿ ಬರೂದಂದ್ರ ಆಟ ಅಲ್ಲ ಬೇ. ನಡಕ ಏನರ ಒಂದ ಆಗತೈತಿ, ನಿಂತ ಬಿಡತೈತಿ." ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಹಾಗೆ ನಿಂತವರನ್ನೇ ಅವನು ನೋಡಿದ್ದ.

ಆಗುತ್ತದೆ ಎಂದು ಗಟ್ಟಿಯಾಗಿ ಹೇಳಿದವರು ರಾಯಬಾಗದ ಡಾಕ್ಟರ್ ಸಾಹೇಬರು. ಅವರನ್ನು ನೆನೆದರೆ ನನಗೆ ಮೊದಲು ಕುತ್ತಿಗೆಯ ಮೇಲೊಂದು ತಣ್ಣನೆಯ ಬಿಲ್ಲೆ ತಾಗುತ್ತದೆ. ಬೇರೆ ಡಾಕ್ಟರರು ಸ್ಟೆತಾಸ್ಕೋಪನ್ನು ಎದೆಗೆ, ಬೆನ್ನಿಗೆ ಇಟ್ಟರೆ ಇವರು ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿಗೆ ಇಡುತ್ತಿದ್ದರು. ಕಣ್ಣು ಮುಚ್ಚಿ, ಗೋಡೆಯಾಚೆಯ ಮಾತು ಕೇಳುವವರ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದರು. ಜ್ವರಕ್ಕೆ ಹೋದರೂ ಕುತ್ತಿಗೆ, ಹೊಟ್ಟೆನೋವಿಗೆ ಹೋದರೂ ಕುತ್ತಿಗೆ. "ಕಾಲರ್ ಅಳತಿ ತಗೊಳ್ಳಾಕತ್ತೀರೇನ್ರಿ ಸಾಹೇಬ್ರ?" ಎಂದು ಒಬ್ಬ ಮುದುಕ ಕೇಳಿದ್ದಕ್ಕೆ, "ಹೂಂ, ಅಂಗಿ ಹರಿಯೂಕಿಂತ ಮೊದಲ ತಗೋಬೇಕು" ಎಂದಿದ್ದರು. ಮಿದುಳಿಗೆ ರಕ್ತ ಒಯ್ಯುವ ನಾಳ ಒಳಗೆ ಸಣ್ಣದಾಗಿದ್ದರೆ ಅಲ್ಲೊಂದು ಸಪ್ಪಳ ಕೇಳಿಸಬಹುದು, ಮುಂದೆ ಲಕ್ವಾ ಬರುವ ಅಂಜಿಕೆ ಇರಬಹುದು ಎಂಬುದು ನನಗೆ ತಿಳಿದದ್ದು ಆಮೇಲೆ.

ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ದಿಗ್ಗೇವಾಡಿಯಿಂದ ಹೊರಟ ನಮ್ಮ ಬಸ್ಸು ಮುಂಜಾನೆ ಏಳೂವರೆಗೆ ರಾಯಬಾಗದಲ್ಲಿ ಇಳಿಸುತ್ತಿತ್ತು. ಚಿಕ್ಕೋಡಿಯ ಬಸ್ಸು ಎಂಟೂವರೆಗೆ. ನಡುವಿನ ಆ ಒಂದು ತಾಸು ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲಲು ಮುಜುಗರವಾಗಿ ಎದುರಿನ ದವಾಖಾನೆಯ ಬೆಂಚಿನ ಮೇಲೆ ಕುಳಿತು ಓದುತ್ತಿದ್ದೆ. ಒಂದು ದಿನ ಸಾಹೇಬರು ಬಂದು ನನ್ನ ನೋಟುಬುಕ್ಕನ್ನೇ ಎತ್ತಿಕೊಂಡರು.

"ಈ ಅಕ್ಷರ ಯಾರದು?"

"ನಂದ್ರಿ."

"ನಾ ಬರದದ್ದು ನನಗ ತಿಳಿಯಾಂಗಿಲ್ಲ. ದಿನಾ ಈ ಒಂದು ತಾಸು ನನಗ ಬರದ ಕೊಡ್ತೀ ಏನ ತಂಗಿ?"

ಬರೆಯಬೇಕಾಗಿದ್ದದ್ದು ಒಂದು ದಪ್ಪ ರಜಿಸ್ಟರು. ಲಕ್ವಾ ಹೊಡೆದು ಅವರಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಹಾಳೆ. ಯಾವ ಬದಿ, ಮಾತು ಹೋಗಿದೆಯೋ ಇಲ್ಲವೋ, ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು, ಬೀಡಿ, ಎಷ್ಟು ಹೊತ್ತಿಗೆ ಬಂತು, ದವಾಖಾನೆ ಮುಟ್ಟಲು ಎಷ್ಟು ತಡವಾಯಿತು, ಮೂರು ತಿಂಗಳ ನಂತರ ಹೇಗಿದ್ದಾರೆ. ಯಾರೂ ಅವರಿಗೆ ಈ ಕೆಲಸ ಹೇಳಿರಲಿಲ್ಲ. ಅವರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಲಕ್ವಾ ಪೂರಾ ಹೊಡೆಯುವ ಮೊದಲು ಕೆಲವರಿಗೆ ಅದು ಹೀಗೆ ಬಂದು ಹಾಗೆ ಹೋಗುತ್ತದೆ, ಕೈ ಸೋತು ಕೆಲವು ನಿಮಿಷದಲ್ಲಿ ಮತ್ತೆ ಸರಿಯಾಗುತ್ತದೆ, ಔಷಧ ಶುರು ಮಾಡಬೇಕಾದ ಹೊತ್ತು ಅದೇ ಎಂದು ಅವರು ತರಿಸುತ್ತಿದ್ದ ವೈದ್ಯಕೀಯ ಪತ್ರಿಕೆಗಳು ಹೇಳುತ್ತಿದ್ದವು. ಆದರೆ ರಜಿಸ್ಟರಿನಲ್ಲಿ "ಹಿಂದೆ ಹೀಗಾಗಿತ್ತೆ?" ಎಂಬುದರ ಮುಂದೆ ಹಾಳೆ ಹಾಳೆಗೂ "ಇಲ್ಲ". "ಪುಸ್ತಕ ಸುಳ್ಳೋ, ನಮ್ಮ ಮಂದಿನ ಬ್ಯಾರೆನೋ?" ಎಂದು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು.

ರವಿವಾರಕ್ಕೊಮ್ಮೆ ನಾನು ಹತ್ತಿರದ ಊರುಗಳ ರೋಗಿಗಳ ಮನೆಗೆ ಹೋಗಿ ಕೇಳಿಕೊಂಡು ಬರಲು ಶುರು ಮಾಡಿದೆ. ಹೆಣ್ಣುಮಗಳಾದ್ದರಿಂದ ಸೀದಾ ಅಡುಗೆಮನೆಯವರೆಗೆ ಕರೆಯುತ್ತಿದ್ದರು. ಚಿಂಚಲಿಯ ಒಂದು ಮನೆಯಲ್ಲಿ ಗಂಡನಿಗೆ ಲಕ್ವಾ ಹೊಡೆದ ಹೊತ್ತು ಕೇಳಿದರೆ ಅಲ್ಲಿಯ ಅಜ್ಜಿ "ಮುಂಜಾನೆ" ಎಂದಷ್ಟೇ ಹೇಳಿದಳು. ನಾನು ಬಸ್ಸಿನಲ್ಲಿ ಕುಳಿತು "ಏಳು ಗಂಟೆ" ಎಂದು ತುಂಬಿದೆ. ಸಾಹೇಬರು ಹಾಳೆ ನೋಡಿದರು.

"ಏಳ ಅಂತ ಆ ಅಜ್ಜಿ ಅಂದ್ಲೋ, ನೀ ಅಂದಿಯೋ?"

ನಾನೇ ಅಂದದ್ದೆಂದು ಒಪ್ಪಿಕೊಂಡೆ.

"ಗೊತ್ತಿಲ್ಲಂತ ಬರಿ. ಗೊತ್ತಿಲ್ಲಂತ ಬರದ ಹಾಳಿ ನನಗ ಬೇಕು. ಊಹಾ ಮಾಡಿದ ಹಾಳಿ ಹರದ ಒಗಿ." ಸಿಟ್ಟು ಬಂದರೆ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. "ಗಡಿಯಾರ ಇಲ್ಲದ ಮನ್ಯಾಗ ಗಂಟಿ ಕೇಳಬಾರದು. ಫ್ಯಾಕ್ಟರಿ ಭೋಂಗಾ ಆಗಿತ್ತೇನ, ಹಾಲಿನಾಂವ ಬಂದಿದ್ನೇನ, ಅದನ್ನ ಕೇಳು. ಹೋಗಿ ಬಾ ಮತ್ತ."

ಮುಂದಿನ ರವಿವಾರ ಮತ್ತೆ ಚಿಂಚಲಿ. ಅವಮಾನದಿಂದ ಮುಖ ಸಣ್ಣದು ಮಾಡಿಕೊಂಡೇ ಹೋಗಿದ್ದೆ. ಸಕ್ಕರೆ ಕಾರ್ಖಾನೆಯಲ್ಲಿ ದಿನಾ ಮುಂಜಾನೆ ಕೂಗುವ ಸೈರನ್ನಿನ, ಆ ಭೋಂಗಾದ ಮಾತು ಎತ್ತಿದ ಕೂಡಲೇ ಅಜ್ಜಿಗೆ ಎಲ್ಲ ನೆನಪಾಯಿತು. "ಭೋಂಗಾ ಆಗಿ ಹಾಲು ಕಾಯಿಸಾಕತ್ತಿದ್ನವ್ವ. ದಪ್ ಅಂತ ಬಿದ್ರು. ಓಡಿ ಬಂದ ಭಂಡಾರ ಹಚ್ಚಿದ್ನಿ. ಹ್ವಾದ ತಿಂಗಳ ಕೇಳಿದಂಗ ತಾಯಿ ಈ ಸಲ ಕೇಳಲಿಲ್ಲ."

ಭಂಡಾರವೆಂದರೆ ಚಿಂಚಲಿಯ ದೇವಿ ಮಾಯಕ್ಕನ ಪ್ರಸಾದದ ಅರಿಶಿನ ಪುಡಿ. ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ನಾನು ಕೇಳಿದೆ, "ಹ್ವಾದ ತಿಂಗಳ ಏನಾಗಿತ್ರಿ ಆಯಿ?"

"ಇದ ಕೈ ಸೋತಿತ್ತು, ಬಾಯಿ ತೊದಲತಿತ್ತು. ಭಂಡಾರ ಹಚ್ಚಿದ್ವಿ, ಎಲಿ ಅಡಿಕಿ ಹಾಕೊಳ್ಳೂವಷ್ಟರಾಗ ಆರಾಮ ಆತು."

"ನಾ ಮೊದಲ ಕೇಳಿದಾಗ ಏನೂ ಆಗಿದ್ದಿಲ್ಲ ಅಂದ್ರೆಲ್ಲ?"

ಅಜ್ಜಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ನೀ ಜಡ್ಡ ಕೇಳಿದಿ. ತಾಯಿ ತಗದ ಹಾಕಿದ್ದಕ್ಕ ಯಾರರ ಜಡ್ಡ ಅಂತಾರೇನ?"

ಸೋಮವಾರ ಇದನ್ನು ಸಾಹೇಬರಿಗೆ ಹೇಳಿದೆ. ಅವರು ಎದ್ದು, ಹಾಳೆಯಲ್ಲಿದ್ದ ಪ್ರಶ್ನೆಯನ್ನು ತಾವೇ ಹೊಡೆದು ಹಾಕಿ, "ನಿಮ್ಮ ಭಾಷಾದಾಗ ನೀನ ಬರಿ" ಎಂದರು. ನಾನು ಬರೆದೆ: "ಈಗಿತ್ಲಾಗ ಕೈಗೆ, ಕಾಲಿಗೆ, ಮಾರಿಗೆ ಭಂಡಾರ ಹಚ್ಚಿದ್ದು ಐತೇನ್ರಿ? ಯಾಕ ಹಚ್ಚಿದ್ರಿ?" ಜೈನರ ಮನೆಗಳಲ್ಲಿ ಭಂಡಾರದ ಬದಲು ಬಸದಿಯ ಗಂಧೋದಕ, ಅಂದರೆ ಅಭಿಷೇಕದ ನೀರು, ಹಚ್ಚಿದ್ದನ್ನು ಕೇಳುತ್ತಿದ್ದೆ. ಹಳೆಯ ಮನೆಗಳಿಗೆಲ್ಲ ಮತ್ತೊಮ್ಮೆ ಅಡ್ಡಾಡಿದೆ. ಎಷ್ಟೋ ಹಾಳೆಗಳಲ್ಲಿ "ಇಲ್ಲ" ಹೊಡೆದು "ಹೌದು" ಬರೆಯಬೇಕಾಯಿತು. ಬಂದು ಹೋದ ಲಕ್ವಾ ನಮ್ಮ ಮಂದಿಗೂ ಬರುತ್ತಿತ್ತು. ದೇವರಿಗೆ ಕೈ ಮುಗಿದು, ನಿಶ್ಚಿಂತರಾಗಿ, ದವಾಖಾನೆಗೆ ಬರದೆ ಉಳಿಯುತ್ತಿದ್ದರು.

ಇನ್ನೊಬ್ಬರಾಗಿದ್ದರೆ ಅರಿಶಿನ ಬಿಡಿಸಲು ಹೊರಡುತ್ತಿದ್ದರೇನೋ. ಇವರು ಹಾಗೆ ಮಾಡಲಿಲ್ಲ. ದವಾಖಾನೆಗೆ ಬಂದವರಿಗೆಲ್ಲ ಒಂದೇ ಮಾತು ಹೇಳಿ ಕಳಿಸತೊಡಗಿದರು. "ಭಂಡಾರ ಹಚ್ಚರಿ, ನಾ ಬ್ಯಾಡ ಅನ್ನಾಂಗಿಲ್ಲ. ಹಚ್ಚಿದ ಕೈಲೇ ಬಸ್ ಹತ್ತರಿ." ಮಂದಿ ಅದನ್ನು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ನಗುತ್ತಲೇ ನೆನಪಿಟ್ಟುಕೊಂಡರು.

ಶಹರದಲ್ಲಿ ಡಾಕ್ಟರರ ಸಭೆಯೊಂದರಲ್ಲಿ ಅವರು ಈ ರಜಿಸ್ಟರಿನ ಬಗ್ಗೆ ಮಾತಾಡಿ ಬಂದರು. ಅಲ್ಲೊಬ್ಬ ದೊಡ್ಡ ಡಾಕ್ಟರರು, ತಲೆಯ ಸ್ಕ್ಯಾನ್ ಇಲ್ಲದೆ ಇವು ನಾಳ ಕಟ್ಟಿ ಬಂದ ಲಕ್ವಾ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರಂತೆ. ನನಗೆ ಸಿಟ್ಟು ಬಂತು. ಸಾಹೇಬರಿಗೆ ಬರಲಿಲ್ಲ. "ಅವರ ಮಾತ ಖರೇ ಐತಿ. ಕಾಲುವ್ಯಾಗ ಕಸ ಕಟ್ಟಿ ನೀರ ನಿಂತ್ರೂ ಹೊಲ ಕೆಡತೈತಿ, ದಂಡಿ ಒಡದ ನೀರ ಹರದ್ರೂ ಕೆಡತೈತಿ. ದೂರ ನಿಂತ ನೋಡಿದ್ರ ಎರಡೂ ಒಂದ. ಕಸ ಕಟ್ಟಿದ್ದಕ್ಕ ಕೊಡೂ ಔಷಧ ದಂಡಿ ಒಡದಾಂವಗ ಕೊಟ್ರ ಮುಗೀತು." ಅಂದಿನಿಂದ ಹೋಗಲು ಶಕ್ಯವಿದ್ದವರನ್ನೆಲ್ಲ ಸ್ಕ್ಯಾನಿಗೆ ಮಿರಜಿಗೆ ಕಳಿಸಿ, ರಜಿಸ್ಟರಿನಲ್ಲಿ ಅದಕ್ಕೂ ಒಂದು ಸಾಲು ಹಾಕಿಸಿದರು. ಹೋಗದವರ ಮುಂದೆ ನಾನು "ಗೊತ್ತಿಲ್ಲ" ಎಂದು ಬರೆಯುತ್ತಿದ್ದೆ.

ನನ್ನ ಕೊನೆಯ ವರ್ಷದ ರಸಾಯನಶಾಸ್ತ್ರ ಪ್ರಾಕ್ಟಿಕಲ್ ಪರೀಕ್ಷೆಯ ಮುಂಜಾನೆ. ಅಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ. ಭೋಂಗಾ ಆಗಿ ಸ್ವಲ್ಪವೇ ಹೊತ್ತಾಗಿತ್ತು. ಕಪ್ಪು ಅವನ ಬಲಗೈಯಿಂದ ಜಾರಿ ಕಲ್ಲಿಗೆ ಬಡಿದು ಒಡೆಯಿತು. ಏನೋ ಹೇಳಲು ಹೋದ. ಮಾತಿಗೆ ಮಾತು ಕೂಡಲಿಲ್ಲ, ಬಾಯಿ ಒಂದು ಕಡೆ ಜಗ್ಗಿತ್ತು. ಅವ್ವ ಓಡಿ ಬಂದು "ಮಾಯವ್ವಾ ತಾಯೀ" ಎನ್ನುತ್ತ ತೋಳಿಗೆಲ್ಲ ಭಂಡಾರ ಬಳಿದಳು. ಒಡೆದ ಕಪ್ಪಿನ ಚೂರು ಆರಿಸಿ ಮುಗಿಸುವಷ್ಟರಲ್ಲಿ ಅಪ್ಪ ಕೈ ಎತ್ತಿ ಬೆರಳು ಮಡಚಿ ತೋರಿಸಿದ.

"ಆರಾಮ ಆತು ನೋಡು. ಏನಿಲ್ಲ, ಪಿತ್ತ ಆಗಿತ್ತು."

"ತಾಯಿ ಕಾಯ್ದಳು. ನೀ ಪರೀಕ್ಷಾಕ್ಕ ನಡಿ ಬೇ" ಎಂದು ಅವ್ವ ನನಗೆ ಹೇಳಿದಳು.

ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಇಂಥ ಹಾಳೆಗಳನ್ನು ನನ್ನ ಕೈಯಾರೆ ಬರೆದಿದ್ದೆ. ಅವುಗಳಲ್ಲಿ ಮುಂದಿನ ಸಾಲು ಏನಿರುತ್ತದೆಂದು ಗೊತ್ತಿತ್ತು.

"ಅಪ್ಪಾ, ರಾಯಬಾಗಕ್ಕ ನಡಿ. ಸಾಹೇಬ್ರು ನೋಡ್ಲಿ."

"ಹುಚ್ಚಿ ಆಗೀದಿ ಏನ? ಇವತ್ತ ನೀರಿನ ಪಾಳಿ ಐತಿ. ಕಬ್ಬ ಒಣಗ್ತಾವು."

ಪಾಳಿ ತಪ್ಪಿದರೆ ಎಂಟು ದಿನ ನೀರಿಲ್ಲ. ಅಪ್ಪ ತನ್ನ ಕೈಗಾಗಿ ಬರುವವನಲ್ಲ ಎಂದು ನನಗೆ ಗೊತ್ತಾಯಿತು. ಪುಸ್ತಕದ ಚೀಲವನ್ನು ತೆಗೆದು ಗೂಟಕ್ಕೆ ಹಾಕಿದೆ. "ನೀ ಬರಲಿಲ್ಲಂದ್ರ ನಾನೂ ಹೋಗಾಂಗಿಲ್ಲ. ಮೂರ ವರ್ಷ ಓದಿದ್ದು ಇಲ್ಲೇ ತೂಗ್ಲಿ."

ಅಪ್ಪ ನನ್ನನ್ನು ನೋಡಿದ, ಚೀಲವನ್ನು ನೋಡಿದ. ನಮ್ಮ ಗದ್ದಲ ಕೇಳಿ ಹಿಂದಿನ ಓಣಿಯಿಂದ ಸೋದರಮಾವ ಬಂದಿದ್ದ. ಈಗ ತನ್ನ ಮಾತು ಹೇಳುತ್ತಾನೆ ಎಂದುಕೊಂಡೆ. ಅವನು ಸಲಿಕೆ ಎತ್ತಿಕೊಂಡು ಅಂದ, "ಪಾಳಿ ನಾ ಹಿಡೀತೀನಿ. ಹೋಗ ಮಾರಾಯಾ, ಇಕಿ ಬಿಡಾಕಿ ಅಲ್ಲ." ಅಪ್ಪ ರುಮಾಲು ಸುತ್ತಿಕೊಂಡು ನನ್ನ ಚೀಲವನ್ನು ತಾನೇ ಗೂಟದಿಂದ ಇಳಿಸಿದ. ಬಸ್ಸಿನಲ್ಲಿ ಕುಳಿತಾಗ ಅವನ ತೋಳಿನ ಅರಿಶಿನ ನನ್ನ ಸೀರೆಗೆ ಹತ್ತಿತು.

ಸಾಹೇಬರು ಅಪ್ಪನ ಕುತ್ತಿಗೆಗೆ ಬಿಲ್ಲೆ ಇಡುವ ಮೊದಲು ನನ್ನನ್ನೇ ಕೇಳಿದರು.

"ಎಷ್ಟೊತ್ತಿಗೆ?"

"ಭೋಂಗಾ ಆಗಿ ಐದ ಮಿನಿಟಿಗೆ. ನಾನ ನೋಡೇನ್ರಿ, ಊಹಾ ಅಲ್ಲ."

ಬಿ.ಪಿ. ನೋಡಿದರು, ಕಣ್ಣು ಮುಚ್ಚಿ ಕುತ್ತಿಗೆ ಕೇಳಿದರು, ತಮ್ಮ ಜೀಪಿನ ಕೀಲಿ ತೆಗೆದುಕೊಂಡರು. "ನಾನ ಮಿರಜಿಗೆ ಕರಕೊಂಡ ಹೋಗ್ತೀನಿ. ನಿಂದು ಎಂಟೂವರಿ ಬಸ್ಸು."

"ನಾನೂ ಬರ್ತೀನ್ರಿ ಸಾಹೇಬ್ರ."

"ನೀ ಬಂದ್ರ ನಿಮ್ಮಪ್ಪನ ಬಿ.ಪಿ. ಏರತೈತಿ. ಪರೀಕ್ಷಾ ಬಿಟ್ಟಾಳು ಅಂತ." ಅಪ್ಪ ತಲೆ ಅಲ್ಲಾಡಿಸಿ ಹೌದೆಂದ. ಇಬ್ಬರೂ ಒಂದಾಗಿದ್ದರು.

ಆ ದಿನ ಪ್ರಯೋಗಶಾಲೆಯಲ್ಲಿ ನನಗೆ ಬಂದ ಲವಣ ಯಾವುದು ಎಂಬುದು ಈಗ ನೆನಪಿಲ್ಲ. ಗುರುತಿಸಿದ್ದು ಸರಿಯಿತ್ತು. ಮೂರು ಗಂಟೆಗೆ ರಾಯಬಾಗದಲ್ಲಿ ಇಳಿದರೆ ದವಾಖಾನೆಗೆ ಬೀಗ. ಬೆಂಚಿನ ಮೇಲೆ ಕುಳಿತೆ. ಪುಸ್ತಕ ತೆಗೆಯಲಿಲ್ಲ. ಬಂದ ಗಾಡಿಗಳನ್ನೆಲ್ಲ ಎಣಿಸುತ್ತ ಕುಳಿತವಳಿಗೆ ಕೊನೆಗೆ ಜೀಪು ಕಂಡಿತು. ಮುಂದಿನ ಸೀಟಿನಲ್ಲಿ ಅಪ್ಪ ಬಾಳೆಹಣ್ಣು ಸುಲಿದು ಸಾಹೇಬರಿಗೆ ಕೊಡುತ್ತಿದ್ದ, ಅದೂ ಬಲಗೈಯಿಂದ. ಎದ್ದು ಓಡಿದವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಸ್ಕ್ಯಾನಿನಲ್ಲಿ ನೋಡಿದರೆ ತಲೆಯೊಳಗೆ ನಾಳ ಒಡೆದಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಆಸ್ಪಿರಿನ್ ಗುಳಿಗೆ, ಬಿ.ಪಿ.ಗೆ ಇನ್ನೊಂದು, ಬೀಡಿ ಪೂರಾ ಬಂದ್. "ಇನ್ನ ಬರಾಂಗಿಲ್ಲ ಹೌದಲ್ರಿ?" ಎಂದು ಅಪ್ಪ ಕೇಳಿದ. ಹೌದು ಎಂದಿದ್ದರೆ ನಮಗೆಲ್ಲ ಹಿತವಾಗುತ್ತಿತ್ತು. ಸಾಹೇಬರು ಹೇಳಲಿಲ್ಲ. "ಬರಾಂಗಿಲ್ಲ ಅಂತ ನನಗ ಹೇಳಾಕ ಬರಾಂಗಿಲ್ಲ. ಬರೂ ದಾರಿ ಸಣ್ಣದ ಮಾಡಬಹುದು. ಆರಾಮ ಐತಂತ ಗುಳಿಗಿ ಬಿಟ್ಟಿ, ದಾರಿ ಮತ್ತ ಅಗಲ." ಅಪ್ಪ ಬಿಡಲಿಲ್ಲ. ಮುಂದೆ ಎಷ್ಟೋ ವರ್ಷ ಕಬ್ಬು ಕಡಿದ, ನನ್ನ ಮಕ್ಕಳನ್ನು ಅದೇ ಕೈಯಲ್ಲಿ ಎತ್ತಿ ಆಡಿಸಿದ.

ಸಾಹೇಬರು ತೊಂಬತ್ತರ ದಶಕದ ನಡುವೆ ತೀರಿಕೊಂಡರು. ರಜಿಸ್ಟರು ಎಲ್ಲಿಯೂ ಅಚ್ಚಾಗಲಿಲ್ಲ. ಅದಕ್ಕೆ ಅವರು ಮರುಗಿದ್ದನ್ನು ನಾನು ನೋಡಲಿಲ್ಲ. ನಾನು ಈಗ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುತ್ತೇನೆ. ಹೊಸ ಹುಡುಗಿಯರು ಖಾಲಿ ಜಾಗ ತುಂಬಲು ಊಹಿಸಿ ಬರೆದರೆ ನನ್ನ ದನಿಯೂ ಇಳಿಯುತ್ತದೆ.

ಡಿಗ್ರಿ ಸರ್ಟಿಫಿಕೇಟು ಬಂದ ದಿನದ್ದು ಹೇಳಿ ಮುಗಿಸುತ್ತೇನೆ. ಕಾಲೇಜಿನ ಆಫೀಸಿಗೆ ಬಂದು ಒಯ್ಯಿರಿ ಎಂದು ಕಾರ್ಡು ಬಂದಿತ್ತು. ಅಪ್ಪ ಒಗೆದ ಧೋತರ ಉಟ್ಟು ಹೊರಟ, ರಾಯಬಾಗದಲ್ಲಿ ಸಾಹೇಬರು ನಮ್ಮಿಬ್ಬರನ್ನೂ ಜೀಪು ಹತ್ತಿಸಿಕೊಂಡರು. ಗುಮಾಸ್ತರು ಸಹಿ ಮಾಡಿಸಿಕೊಂಡು ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಾಗೇ ಸಾಹೇಬರ ಮುಂದೆ ಹಿಡಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅಪ್ಪನ ಕಡೆ ಕಣ್ಣು ಮಾಡಿ, "ಅಲ್ಲಿ ಕೊಡು ತಂಗಿ" ಎಂದರು.

ಅಪ್ಪ ಬಲಗೈ ಚಾಚಿ ತೆಗೆದುಕೊಂಡ. ಒಮ್ಮೆ ಮೇಲೆ ಕೆಳಗೆ ಮಾಡಿ ನೋಡಿದ. ಓದು ಬರುತ್ತಿರಲಿಲ್ಲ. ಆಮೇಲೆ ನಕ್ಕ.

"ಇಷ್ಟ ಹಗೂರ ಐತೇನ ಬೇ ಇದು? ನಾ ಕಬ್ಬಿನ ಹೊರಿ ಎತ್ತಾವ್ರಂಗ ಕೈ ಗಟ್ಟಿ ಮಾಡ್ಕೊಂಡ ನಿಂತಿದ್ನಿ."